ಉಳಿದ ಬೆಳಕನ್ನು ಕಾಯುವುದು

ಮಠದ ಪಾಠಶಾಲೆಯಲ್ಲಿ ಲಾಟೀನಿನ ಬೆಳಕಿನಲ್ಲಿ ಓಲೆಗರಿಗಳನ್ನು ಓದಿ ಬೆಳೆದ ಕಣ್ಣುಗಳು ನನ್ನವು. ವಯಸ್ಸು 62 ದಾಟಿದರೂ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದುದರಿಂದ ದೃಷ್ಟಿಗೆ ಕುಂದಿಲ್ಲವೆಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಯನ್ನು ಮುರಿದದ್ದು ನನ್ನ ಹಿರಿಯಣ್ಣನವರಿಗೆ ಒದಗಿದ ಅಂಧತ್ವ.

ಅಣ್ಣನವರು ಹೊಸ್ತಿಲು ಎಡವತೊಡಗಿದ್ದರು. ಪಕ್ಕದಲ್ಲಿ ಬಂದು ನಿಂತವರು ಅವರಿಗೆ ಕಾಣುತ್ತಿರಲಿಲ್ಲ. ಕೇಳಿದರೆ, "ಪೊರೆ ಬಂದಿರಬೇಕು ತಮ್ಮಾ, ಬಲಿತ ಮೇಲೆ ತೆಗೆಸಿದರಾಯಿತು" ಎನ್ನುತ್ತಿದ್ದರು. ನಾನೂ ಒಪ್ಪಿ ಸುಮ್ಮನಾದೆ. ಎರಡು ವರ್ಷಗಳ ಬಳಿಕ ಹುಬ್ಬಳ್ಳಿಯಲ್ಲಿ ನೇತ್ರವೈದ್ಯರು ಪರೀಕ್ಷಿಸಿ, ಇದು ಪೊರೆಯಲ್ಲ, ಗ್ಲಾಕೋಮಾ ಎಂದರು. ಪೊರೆಯಿಂದ ಮಸುಕಾದ ದೃಷ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಮರಳಿ ಪಡೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬಾರದು.

ಕಣ್ಣಿನೊಳಗೆ ಒಂದು ತಿಳಿಯಾದ ದ್ರವವು ಸದಾ ಉತ್ಪತ್ತಿಯಾಗಿ, ಸೂಕ್ಷ್ಮವಾದ ಜಾಲರಿಯ ಮೂಲಕ ಹೊರಹರಿಯುತ್ತದೆ. ಆ ದಾರಿಗೆ ತಡೆಯುಂಟಾದರೆ ಒತ್ತಡ ಏರಿ, ನೋಟವನ್ನು ಮಿದುಳಿಗೆ ಮುಟ್ಟಿಸುವ ದೃಷ್ಟಿನರವು ನಶಿಸತೊಡಗುತ್ತದೆ. ಸಾಮಾನ್ಯ ಒತ್ತಡವು ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್. ಒತ್ತಡ ಈ ಮಿತಿಯಲ್ಲಿದ್ದೂ ಕೆಲವರ ನರಕ್ಕೆ ಹಾನಿಯಾಗುವುದುಂಟು. ಆದಕಾರಣ ನರವನ್ನೂ ದೃಷ್ಟಿಯ ವಿಸ್ತಾರವನ್ನೂ ಪರೀಕ್ಷಿಸಬೇಕು. ಸಾಮಾನ್ಯವಾಗಿ ನೋವಿಲ್ಲದೆ ಅಂಚಿನ ನೋಟವೇ ಮೊದಲು ಅಳಿಯುವುದರಿಂದ ರೋಗಿಗೆ ಅರಿವಾಗುವುದಿಲ್ಲ. ಇನ್ನೊಂದು ಬಗೆಯಲ್ಲಿ ಮಾತ್ರ ಕಣ್ಣು ಕೆಂಪಾಗಿ, ತೀವ್ರ ನೋವು, ವಾಂತಿ ಕಾಣಿಸಿಕೊಂಡು, ದೀಪದ ಸುತ್ತ ಬಣ್ಣದ ಬಳೆಗಳು ತೋರುತ್ತವೆ. ಆಗ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಒಡಹುಟ್ಟಿದವರಿಗೂ ಮಕ್ಕಳಿಗೂ ಈ ರೋಗದ ಸಂಭವ ಹೆಚ್ಚೆಂದು ವೈದ್ಯರು ಅಂದೇ ನನ್ನನ್ನೂ ಪರೀಕ್ಷಿಸಿದರು. ಒತ್ತಡ 28 ಇತ್ತು. ಎಡಗಣ್ಣಿನ ಅಂಚಿನ ನೋಟ ಆಗಲೇ ಸ್ವಲ್ಪ ಅಳಿದಿತ್ತು. ಪ್ರತಿರಾತ್ರಿ ಒಂದು ಹನಿ ಔಷಧಿ ಹಾಕಿಕೊಳ್ಳಲು ಹೇಳಿದರು. ಕೆಲವು ತಿಂಗಳು ಹಾಕಿಕೊಂಡು, ಗುಣವೇನೂ ಕಾಣದೆಂದು ಬಿಟ್ಟುಬಿಟ್ಟೆ. ಮುಂದಿನ ತಪಾಸಣೆಯಲ್ಲಿ ಒತ್ತಡ ಮತ್ತೆ ಏರಿತ್ತು. "ಗುರುಗಳೇ, ಈ ಹನಿ ದೃಷ್ಟಿಯನ್ನು ಹೆಚ್ಚಿಸುವುದಕ್ಕಲ್ಲ, ಇರುವುದನ್ನು ಉಳಿಸುವುದಕ್ಕೆ" ಎಂದರು ವೈದ್ಯರು. ಶಿಷ್ಯರಿಗೆ ನಿಯಮವನ್ನು ಬೋಧಿಸಿದ ನಾನು ನಾಚಿ ತಲೆತಗ್ಗಿಸಿದೆ.

ಹನಿ ಹಾಕಿದ ಮೇಲೆ ರೆಪ್ಪೆ ಮುಚ್ಚಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲನೆ ಒತ್ತಿಹಿಡಿಯಬೇಕು. ಉಬ್ಬಸವುಳ್ಳವರಿಗೆ ಕೆಲವು ಹನಿಗಳು ಸಲ್ಲವಾದ್ದರಿಂದ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕೆಲವರಿಗೆ ಲೇಸರ್ ಚಿಕಿತ್ಸೆಯನ್ನೇ ಮೊದಲು ಮಾಡುವುದುಂಟು. ಇವುಗಳಿಂದ ಒತ್ತಡ ಇಳಿಯದಿದ್ದರೆ ದ್ರವಕ್ಕೆ ಹೊಸದಾರಿ ಮಾಡುವ ಶಸ್ತ್ರಚಿಕಿತ್ಸೆಯಿದೆ.

ಬಂಧುಗಳೇ, 40 ದಾಟಿದವರೆಲ್ಲರೂ, ಅದರಲ್ಲಿಯೂ ಮನೆತನದಲ್ಲಿ ಈ ರೋಗವುಳ್ಳವರು, ಕಣ್ಣು ಚೆನ್ನಾಗಿದೆಯೆನಿಸಿದರೂ ಪರೀಕ್ಷಿಸಿಕೊಳ್ಳಿರಿ. ಈಗ ಪ್ರತಿ ಸಂಜೆ ಅಣ್ಣನವರ ಬಳಿ ಕುಳಿತು ಗ್ರಂಥ ಓದಿ ಹೇಳುತ್ತೇನೆ. ಓದು ಮುಗಿದೊಡನೆ ಅವರು ತಪ್ಪದೆ ಕೇಳುವುದು ಒಂದೇ ಮಾತು: "ತಮ್ಮಾ, ಇವತ್ತಿನ ಹನಿ ಮರೆಯಬೇಡ."