ಹುಲ್ಲುಹಾಸಿನ ಮೇಲಿನ ಆನೆ

2024ರ ಫೆಬ್ರವರಿಯ ಒಂದು ಭಾನುವಾರ ಮಗಳ ವರಾತ ತಾಳಲಾರದೆ ಲಾಲ್‌ಬಾಗಿಗೆ ಹೋದೆ. ‘ಆನೆಗಳು ಬಂದಿವೆಯಂತೆ, ಕ್ಲಾಸಿನಲ್ಲಿ ನಾನೊಬ್ಬಳೇ ನೋಡಿಲ್ಲ’ ಎಂದು ವಾರದಿಂದ ಒಂದೇ ಹಟ. ಆನೆ ನೋಡಲು ಟಿಕೆಟ್ ಕೊಳ್ಳುವಾಗ ನನಗೆ ನಗು ಬಂತು. ನಾನು ಹಾಸನ ಜಿಲ್ಲೆಯ ಆಲೂರು ಕಡೆಯವನು. ನಮ್ಮೂರಿಗೆ ಅವು ಕರೆಯದೆಯೇ ಬರುತ್ತವೆ.

ಒಳಗೆ ಹುಲ್ಲುಹಾಸಿನ ಮೇಲೆ, ಮರಗಳ ನೆರಳಲ್ಲಿ ಹಿಂಡು ಹಿಂಡು ಆನೆಗಳು. ಲಂಟಾನದ ಕಡ್ಡಿ ಬಾಗಿಸಿ ಮಾಡಿದವು, ಆದರೆ ಗಾತ್ರ ನಿಜವಾದ ಆನೆಯದ್ದೇ. ಮಗಳು ಒಂದು ಮರಿಯ ಕಡೆ ಓಡಿದಳು. ನನ್ನ ಕಾಲು ಮಾತ್ರ ಅಲ್ಲೇ ನಿಂತಿತು.

ಏಳನೆಯ ತರಗತಿಯಲ್ಲಿದ್ದಾಗಿನ ಮಾತು. ಕೊಯ್ಲಿಗೆ ಎರಡು ದಿನ ಇರುವಾಗ ರಾತ್ರಿ ಗದ್ದೆಗೆ ಆನೆ ಇಳಿಯಿತು. ಅಪ್ಪ ತಗಡಿನ ಡಬ್ಬ ಬಡಿದರು, ದೊಂದಿ ಬೀಸಿದರು. ಬೆಳಿಗ್ಗೆ ಹೋಗಿ ನೋಡಿದರೆ ಬತ್ತವೆಲ್ಲ ಚಾಪೆ ಹಾಸಿದಂತೆ ಮಲಗಿತ್ತು. ಅಪ್ಪ ಬದುವಿನ ಮೇಲೆ ಕುಳಿತವರು ಮಧ್ಯಾಹ್ನದವರೆಗೂ ಏಳಲಿಲ್ಲ. ಮುಂದೆ ನನ್ನನ್ನು ಹೈಸ್ಕೂಲಿಗೆ ಸೇರಿಸಲು ಕರುವಿನ ಸಮೇತ ಹಸುವನ್ನು ಮಾರಬೇಕಾಯಿತು. ಆನೆಯೊಡನೆ ಸಹಬಾಳ್ವೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಬದು ನೆನಪಾಗುತ್ತದೆ. ಪೇಟೆಯವರಿಗೇನು, ಹುಲ್ಲುಹಾಸಿನ ಮೇಲೆ ಆನೆ ಚೆಂದವೇ ಕಾಣುತ್ತದೆ ಎಂದುಕೊಂಡೆ.

ಆದರೆ ಇವನ್ನು ಮಾಡಿದವರು ಪೇಟೆಯವರಲ್ಲ. ನೀಲಗಿರಿಯ ಗೂಡಲೂರು ಸುತ್ತಿನ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕನ್, ಸೋಲಿಗ ಜನ. ಆನೆ ಓಡಾಡುವ ದಾರಿಯಲ್ಲೇ ಮನೆಯಿರುವವರು. ಒಂದೊಂದು ಬೊಂಬೆಗೂ ಅವರು ಕಂಡು ಬಲ್ಲ ಒಂದೊಂದು ಆನೆಯೇ ಮಾದರಿಯಂತೆ. ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಉಕ್ಕಿನ ಚೌಕಟ್ಟಿಗೆ ಸುತ್ತುತ್ತಾರೆ. ಇಂಥ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು; ಲಾಲ್‌ಬಾಗಿನ ನಂತರ ಅದೇ ವರ್ಷ ನ್ಯೂಯಾರ್ಕಿನ ಬೀದಿಗೂ ಹೋದವು.

ಲಂಟಾನದ ಕಥೆ ಇನ್ನೂ ಸ್ವಾರಸ್ಯದ್ದು. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕೆಂದು ಬ್ರಿಟಿಷರು ನಮ್ಮ ದೇಶಕ್ಕೆ ತಂದರು. ಅದರ ಕಪ್ಪು ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಕಾಡಿಗೆಲ್ಲ ಹರಡಿದವು. ಈಗ ಬಂಡೀಪುರವಿರಲಿ, ಬಿಳಿಗಿರಿರಂಗನ ಬೆಟ್ಟವಿರಲಿ, ಎಲ್ಲೆಲ್ಲೂ ಅದರದ್ದೇ ಪೊದೆ. ಪೊದೆಯಡಿ ಹುಲ್ಲು ಏಳುವುದಿಲ್ಲ; ಲಂಟಾನದ ಸೊಪ್ಪಿಗೆ ಆನೆ ಬಾಯಿ ಹಾಕುವುದಿಲ್ಲ. ಕಾಡಿನಲ್ಲಿ ಮೇವಿಲ್ಲದಿದ್ದರೆ ಅದಾದರೂ ಎಲ್ಲಿಗೆ ಹೋಗಬೇಕು? ಹೀಗೆ ಕಡಿದು ಬೊಂಬೆ ಮಾಡಿದರೆ ಲಂಟಾನ ಮುಗಿದುಹೋಗುತ್ತದೆಂದು ನಾನಂತೂ ನಂಬಿಲ್ಲ. ಬುಡ ಉಳಿದರೆ ಮತ್ತೆ ಚಿಗುರುವ ಗಿಡ ಅದು. ಆದರೂ ಕಾಡಿನ ಪೀಡೆಯಿಂದ ಒಂದಷ್ಟು ಮನೆಗಳ ಒಲೆ ಉರಿಯುತ್ತದಲ್ಲ, ಅದನ್ನು ಅಲ್ಲಗಳೆಯಲಾರೆ.

ಸಂಜೆ ಊರಿಗೆ ಫೋನ್ ಮಾಡಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಡಗಿವಿ ಹರಿದಿರೋದು ಯಾವುದಾದರೂ ಇತ್ತಾ?’ ಎಂದು ಕೇಳಿದರು. ನಮ್ಮ ಗದ್ದೆಗೆ ಬರುತ್ತಿದ್ದುದು ಅದೇ ಅಂತೆ. ನಡಿಗೆ ನಿಧಾನ, ಮುಂದಿನ ಬಲಗಾಲು ತುಸು ಎಳೆಯುತ್ತಿತ್ತು, ಜೊತೆಗೊಂದು ಮರಿ. ಇಷ್ಟು ವರ್ಷ ಅವರು ಇದನ್ನು ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮಗಳು ಫೋನ್ ಕಸಿದುಕೊಂಡು, ‘ಅದಕ್ಕೆ ಹೆಸರಿಟ್ಟಿದ್ರಾ ತಾತ?’ ಎಂದಳು.

‘ಇಟ್ಟಿದ್ದೆ ಮಗಾ. ಮಕ್ಕಳ ಮುಂದೆ ಹೇಳೋ ಹೆಸರಲ್ಲ ಅದು.’