ಈ ವೋಲ್ಟು ಎಲ್ಲಿಂದ ಬಂತು?

ಪಂಪ್‌ಸೆಟ್ಟು ಚಾಲೂ ಆದರೆ ದೀಪ ಮಂಕಾಗುವ ಬೈರಕೂರಿನಲ್ಲೇ, ದಿನದಿಂದ ದಿನಕ್ಕೆ ದಶಲಕ್ಷದಲ್ಲಿ ಒಂದೆರಡು ಪಾಲಿಗಿಂತ ಹೆಚ್ಚು ಕದಲದ ವೋಲ್ಟೇಜನ್ನು ಅಲ್ಯೂಮಿನಿಯಂ ಡಬ್ಬಿಯಲ್ಲಿ ಹಿಡಿದಿಡುವ ಸುಖವೇ ಬೇರೆ.

ಡಬ್ಬಿಯೊಳಗೆ ಇರುವುದು ಸ್ಥಿರ ವೋಲ್ಟೇಜು ಕೊಡುವ ಎಲ್‌ಎಂ399. ಪ್ಲಾಸ್ಟಿಕ್ ಟೋಪಿ ತೊಟ್ಟ ನಾಲ್ಕು ಕಾಲಿನ ಪುಟ್ಟ ಸಾಮಾನು. ಒಳಗೆ ಜೀನರ್ ಡಯೋಡು, ಅದರ ಜೊತೆಗೇ ಹೀಟರು. ಹೊರಗೆ ಮಾಗಿಯ ಚಳಿಯಿರಲಿ, ಏಪ್ರಿಲ್ ಬಿಸಿಲಿರಲಿ, ಒಳಗಿನ ಚಿಪ್ಪು ಸುಮಾರು 90 ಡಿಗ್ರಿಯಲ್ಲೇ ಕೂತಿರುತ್ತದೆ. ಸಿಗುವುದು 6.95 ವೋಲ್ಟಿನ ಆಸುಪಾಸು, ಒಂದರಂತೆ ಇನ್ನೊಂದಿಲ್ಲ. ಅಲುಗದೆ ನಿಲ್ಲುವುದು ಅದಕ್ಕೆ ಗೊತ್ತು. ತಾನು ಎಷ್ಟು ಎಂಬುದನ್ನು ಮಾತ್ರ ಬೇರೆಯವರೇ ಹೇಳಬೇಕು.

ಹೇಳುವವರ ಸಾಲು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಹೋಗುತ್ತದೆ. ಅಲ್ಲಿ ದ್ರವ ಹೀಲಿಯಂನ ಚಳಿಯಲ್ಲಿರುವ ಜೋಸೆಫ್‌ಸನ್ ಸಂಧಿಗಳಿಗೆ ಮೈಕ್ರೋವೇವ್ ಹಾಯಿಸಿದರೆ ವೋಲ್ಟೇಜು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೆಟ್ಟಿಲಿನ ಎತ್ತರವನ್ನು ನಿರ್ಧರಿಸುವುದು ಆವರ್ತನ, ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ಆವೇಶ. 2019ರ ಮೇ 20ರಿಂದ ಆ ಎರಡು ಸ್ಥಿರಾಂಕಗಳ ಬೆಲೆಯೂ ಕೊಂಚವೂ ಅನುಮಾನವಿಲ್ಲದೆ ನಿಗದಿಯಾಗಿದೆ. ಅಲ್ಲಿಂದ ಬೆಂಗಳೂರಿನ ಮಾನ್ಯತೆ ಪಡೆದ ಲ್ಯಾಬಿಗೆ, ಲ್ಯಾಬಿನಿಂದ ನನ್ನ ಡಬ್ಬಿಗೆ. ಕೋಲಾರದ ಟೊಮೆಟೊ ಮಂಡಿಯ ತಕ್ಕಡಿಗೆ ಇನ್‌ಸ್ಪೆಕ್ಟರು ಹಾಕುವ ಸೀಲಿನ ಹಾಗೆಯೇ ಇದು. ಆದರೆ ಕೈಯಿಂದ ಕೈಗೆ ಬರುವಾಗ ಅನಿಶ್ಚಿತತೆ ಒಂದಿಷ್ಟು ಬೆಳೆಯುತ್ತದೆ, ಅದು ಎಷ್ಟೆಂಬುದನ್ನೂ ಸರ್ಟಿಫಿಕೇಟಿನಲ್ಲಿ ಬರೆದಿರುತ್ತಾರೆ. ಆ ಪ್ರಾಮಾಣಿಕತೆಯೇ ನನಗೆ ಇಷ್ಟ.

ಬೆಂಗಳೂರಿಗೆ ಒಯ್ಯುವಾಗ ಡಬ್ಬಿ ಆರಬಾರದು. ಬಿಸಿ ಇಳಿದು ಮತ್ತೆ ಏರಿದರೆ ವೋಲ್ಟೇಜು ತುಸು ಸರಿದಿರುತ್ತದೆ. ಹಾಗಾಗಿ ಮುಳಬಾಗಿಲಿನಿಂದ ಬಸ್ಸು ಹತ್ತುವಾಗ ಬ್ಯಾಟರಿಯೂ ತೊಡೆಯ ಮೇಲೆ.

ಟ್ರಿಮ್‌ಪಾಟ್ ತಿರುಗಿಸಿ ದುಂಡು ಅಂಕಿಗೆ ತಂದು ನಿಲ್ಲಿಸುವವರಿದ್ದಾರೆ. ನನಗದು ಸರಿಬರುವುದಿಲ್ಲ. ತಿರುಗಿಸಿದೊಡನೆ ಡಬ್ಬಿಯ ಹಿಂದಿನ ಚರಿತ್ರೆ ಕಡಿದುಹೋಗುತ್ತದೆ. ಬಂದ ಅಂಕಿಯನ್ನು ಬಂದ ಹಾಗೇ ದಿನಾಂಕದೊಂದಿಗೆ ಬರೆದಿಡಬೇಕು; ಮುಂದಿನ ಸರ್ಟಿಫಿಕೇಟು ಬಂದಾಗ ಅದು ಯಾವ ಕಡೆಗೆ, ಎಷ್ಟು ನಿಧಾನವಾಗಿ ಸರಿಯುತ್ತಿದೆ ಎಂಬುದು ಕಾಣತೊಡಗುತ್ತದೆ.

ಮನೆಯಲ್ಲಿ ಇಂಥವೇ ಎರಡು ಡಬ್ಬಿಗಳ ಮೈನಸ್‌ಗಳನ್ನು ಸೇರಿಸಿ, ಪ್ಲಸ್‌ಗಳ ನಡುವೆ ಮೀಟರು ಇಟ್ಟು ವ್ಯತ್ಯಾಸವನ್ನಷ್ಟೇ ಅಳೆಯುತ್ತೇನೆ. ತಾಮ್ರದ ತಂತಿಯ ತುದಿಯನ್ನು ಹೊಳೆಯುವವರೆಗೆ ಉಜ್ಜಿರಬೇಕು. ಟರ್ಮಿನಲ್ಲಿಗೆ ಬೆರಳು ತಾಗಿತೋ, ಆ ಬಿಸಿಗೇ ಮೈಕ್ರೋವೋಲ್ಟುಗಳು ಹುಟ್ಟಿ ಅಂಕಿಗಳು ಓಡತೊಡಗುತ್ತವೆ. ಕೈ ತೆಗೆದು ಕಾದರೆ ಒಂದೊಂದಾಗಿ ಹಿಂದಿನ ಜಾಗಕ್ಕೆ ಬಂದು ನಿಲ್ಲುತ್ತವೆ. ಆ ಕಾಯುವಿಕೆ ನನಗೆ ಎಂದೂ ಬೇಸರ ತಂದಿಲ್ಲ.

ಎರಡೇ ಇದ್ದರೆ ಸರಿದದ್ದು ಯಾವುದೆಂದು ತಿಳಿಯದು. ಮೂರಿದ್ದರೆ ಗುಂಪು ಬಿಟ್ಟದ್ದು ಸಿಕ್ಕಿಬೀಳುತ್ತದೆ. ಮೂರನೆಯದು ಈಗ ಕಪಾಟಿನ ಮೇಲೆ ಹಗಲೂ ರಾತ್ರಿ ಚಾಲೂ ಇದೆ. ಹೊಸತರ ಚಂಚಲತೆ ಕಳೆದ ಮೇಲೆ ಅದನ್ನೂ ಬೆಂಗಳೂರಿಗೆ ಒಯ್ಯಬೇಕು.