ಗುಮಾಸ್ತ ಸಿಕ್ಕಿಬಿದ್ದ ರಾತ್ರಿ

ನಮ್ಮ ತೀರ್ಥಹಳ್ಳಿ ಕಡೆ ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಯಿತೆಂದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಹಗಲೆಲ್ಲ ತೋಟದಿಂದ ಕೊನೆ ಬರುತ್ತದೆ, ರಾತ್ರಿಯೆಲ್ಲ ಸುಲಿತ. ಎಪ್ಪತ್ತರ ದಶಕದ ಕೊನೆಯ ಮಾತಿದು. ಸುಲಿಯುವ ಯಂತ್ರ ನಮ್ಮೂರಿಗೆ ಬಂದಿರಲಿಲ್ಲ. ಚಪ್ಪರದಡಿ ಗ್ಯಾಸ್‌ಲೈಟು ತೂಗುಹಾಕಿ, ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ಪಕ್ಕದಲ್ಲೇ ಅಡಿಕೆ ಬೇಯುವ ಹಂಡೆ, ಅದರಡಿ ಧಗಧಗ ಬೆಂಕಿ, ಸುತ್ತ ಚೊಗರಿನ ವಾಸನೆ. ಸುಲಿದಷ್ಟು ಅಡಿಕೆಗೆ ಅಷ್ಟು ಕೂಲಿ. ಹತ್ತು ಗಂಟೆ ದಾಟಿದರೆ ಎಲ್ಲರಿಗೂ ತೂಕಡಿಕೆ. ಕತ್ತಿಯ ಮುಂದೆ ತೂಕಡಿಸಿದರೆ ಬೆರಳಿಗೇ ಕುತ್ತು.

ಆ ತೂಕಡಿಕೆಗೆ ನಮ್ಮ ಚಿಕ್ಕಪ್ಪ ಕಂಡುಹಿಡಿದ ಮದ್ದು ಪತ್ತೇದಾರಿ ಕಾದಂಬರಿ. ಪೇಟೆಯ ಬಾಡಿಗೆ ಪುಸ್ತಕದಂಗಡಿಯಿಂದ ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ತಂದು, ಬೆಂಕಿಯ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದರು. ‘ಪತ್ತೇದಾರ ಪುರುಷೋತ್ತಮ’ನನ್ನು ಸೃಷ್ಟಿಸಿದ ನರಸಿಂಹಯ್ಯ ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿಯವರೆಗೆ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಒಮ್ಮೊಮ್ಮೆ ಮ. ರಾಮಮೂರ್ತಿಯವರ ಕಾದಂಬರಿಯೂ ಬರುತ್ತಿತ್ತು. ಹಳದಿ-ಕೆಂಪು ಕನ್ನಡ ಬಾವುಟ ಕೊಟ್ಟವರೇ ಪತ್ತೇದಾರಿ ಕಥೆಯನ್ನೂ ಬರೆದವರು ಎಂದು ಚಿಕ್ಕಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಬಾಗಿಲು ಕಿರ್ ಎಂದಿತು ಎನ್ನುವಲ್ಲಿಗೆ ಅವರು ಓದು ನಿಲ್ಲಿಸಿ ಎಲೆಯಡಿಕೆಗೆ ಕೈಹಾಕಿದರೆ, “ಮುಂದೇನಾಯ್ತು ಹೇಳಿ ಅಯ್ಯಾ” ಎಂದು ಚಪ್ಪರವೆಲ್ಲ ಒಂದೇ ದನಿಯಲ್ಲಿ ಕೂಗುತ್ತಿತ್ತು.

ಆ ರಾತ್ರಿ ಓದುತ್ತಿದ್ದ ಪುಸ್ತಕದ ರಟ್ಟು ಹರಿದುಹೋಗಿತ್ತು, ಬರೆದವರು ಯಾರೆಂದು ತಿಳಿಯುವಂತಿರಲಿಲ್ಲ. ದೊಡ್ಡ ಬಂಗಲೆ, ಜಮೀನ್ದಾರರ ಕೊಲೆ, ಮನೆತುಂಬ ಅನುಮಾನದ ಮುಖಗಳು. ಕೊನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಚಿಕ್ಕಪ್ಪನ ಗಂಟಲು ಕಟ್ಟಿಹೋಯಿತು. ಮಾತೇ ಹೊರಡದು. ನನಗಾಗಲೇ ಜ್ವರ ಬಂದು ಅಜ್ಜಿಯ ಕಂಬಳಿಯೊಳಗೆ ಮುದುರಿದ್ದೆ. ಇನ್ನು ನಾಳೆಯೇ ಎಂದು ಎಲ್ಲರೂ ಮುಖ ಸಪ್ಪಗೆ ಮಾಡಿದಾಗ ಮೂಲೆಯಲ್ಲಿ ಅಡಿಕೆ ಸುಲಿಯುತ್ತಿದ್ದ ಪುಟ್ಟಕ್ಕ ಎದ್ದು ಬಂದಳು. ಸೆರಗಿಗೆ ಕೈ ಒರೆಸಿಕೊಂಡು, “ಕೊಡಿ ಅಯ್ಯಾ, ನಾನು ನೋಡ್ತೀನಿ” ಎಂದಳು.

ಪುಟ್ಟಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಗ ಪಾಟಿಯ ಮೇಲೆ ತಿದ್ದುವುದನ್ನು ನೋಡಿ ನೋಡಿ ಅಕ್ಷರ ಕಲಿತಿದ್ದಳೆಂದು ಅಂದೇ ಎಲ್ಲರಿಗೂ ಗೊತ್ತಾದದ್ದು. ಚೊಗರಿನಿಂದ ಕಪ್ಪಾದ ಬೆರಳನ್ನು ಸಾಲಿನ ಕೆಳಗಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಒಂದು ಸಾಲಿಗೆ ಚಿಕ್ಕಪ್ಪನ ಒಂದು ಪುಟದಷ್ಟು ಹೊತ್ತು. ಯಾರೂ ಬೇಸರಿಸಲಿಲ್ಲ. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ನಿಲ್ಲಿಸಿ ಕೈ ಎತ್ತಿ ತೋರಿಸಿದ. “ಕೊ...ಲೆ...ಗಾ...ರ...” ಪುಟ್ಟಕ್ಕ ಉಸಿರೆಳೆದುಕೊಂಡಳು. “ಗು...ಮಾ...” ಅಲ್ಲಿ ಬಂತು ಒತ್ತಕ್ಷರ. ಬೆರಳು ನಿಂತಿತು. ಮೆಟ್ಟುಗತ್ತಿಗಳೆಲ್ಲ ನಿಂತವು. ಗೊತ್ತಿದ್ದವರೂ ಬಾಯಿ ಬಿಡದಂತೆ ಚಿಕ್ಕಪ್ಪ ಕೈಸನ್ನೆ ಮಾಡಿದರು. ಪುಟ್ಟಕ್ಕ ಪುಸ್ತಕವನ್ನು ಬೆಂಕಿಯ ಬೆಳಕಿಗೆ ವಾಲಿಸಿ, ತುಟಿಯಲ್ಲೇ ಎರಡು ಸಲ ಹೇಳಿಕೊಂಡು, ಕೊನೆಗೆ ಗಟ್ಟಿಯಾಗಿ “ಗುಮಾಸ್ತ!” ಎಂದಳು.

ಚಪ್ಪರ ಹಾರಿಹೋಗುವಂತೆ ಕೇಕೆ ಎದ್ದಿತು. “ನಾ ಮೊದ್ಲೇ ಹೇಳಿರ್ಲಿಲ್ವಾ!” ಎಂದರು ಕೆಲವರು. ಸಿಕ್ಕಿಬಿದ್ದ ಗುಮಾಸ್ತನಿಗಿಂತ, ಹಿಡಿದುಕೊಟ್ಟ ಪುಟ್ಟಕ್ಕನನ್ನೇ ಎಲ್ಲರೂ ನೋಡುತ್ತಿದ್ದರು.

ಕೊಯ್ಲು ಮುಗಿದ ಮೇಲೆ ಚಿಕ್ಕಪ್ಪ ಎಲ್ಲರನ್ನೂ ‘ಆಪರೇಷನ್ ಡೈಮಂಡ್ ರಾಕೆಟ್’ ಸಿನಿಮಾಕ್ಕೆ ಕರೆದೊಯ್ದರು. 1968ರ ‘ಜೇಡರ ಬಲೆ’, ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರಗಳಲ್ಲಿ ಕಪ್ಪು-ಬಿಳುಪಿನಲ್ಲಿ ಕಂಡ ರಾಜಕುಮಾರ್ ಅವರ ಗೂಢಚಾರ, 1978ರಲ್ಲಿ ಬಣ್ಣದಲ್ಲಿ ಬಂದಿದ್ದ. ಜೇಮ್ಸ್ ಬಾಂಡ್ ಹೆಸರು ಕೇಳದವರಿಗೂ ದೊರೈ-ಭಗವಾನ್ ನಿರ್ದೇಶಿಸಿದ ಈ 999 ಮನೆಯ ಮಗನಷ್ಟು ಪರಿಚಿತ. ಟಾಕೀಸಿನ ಗೋಡೆಯ ಪೋಸ್ಟರ್ ಮುಂದೆ ಹೆಂಗಸರೆಲ್ಲ ಪುಟ್ಟಕ್ಕನನ್ನು ಸುತ್ತುವರಿದು ನಿಂತರು. ಅವಳು ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಿದಳು. ಮರುವರ್ಷದ ಸುಲಿತಕ್ಕೆ ಓದುವವರು ಇಬ್ಬರಾದರು, ಚಿಕ್ಕಪ್ಪ ಮತ್ತು ಪುಟ್ಟಕ್ಕ.

ಪತ್ತೇದಾರಿ ಕಾದಂಬರಿ ಎಂದರೆ ಹೊತ್ತು ಕಳೆಯುವ ಓದು ಎನ್ನುವವರಿಗೆ ನಾನು ಈ ರಾತ್ರಿಯ ಕಥೆ ಹೇಳುತ್ತೇನೆ. ಅಕ್ಷರ ಕಲಿ ಎಂದು ಪುಟ್ಟಕ್ಕನಿಗೆ ಯಾರೂ ಹೇಳಿರಲಿಲ್ಲ. ಕಲಿತ ಅಕ್ಷರವನ್ನು ಅಷ್ಟು ಜನರ ನಡುವೆ ಬಾಯಿಬಿಟ್ಟು ಓದುವ ಧೈರ್ಯ ಕೊಟ್ಟದ್ದು ಕೊಲೆಗಾರ ಯಾರೆಂದು ತಿಳಿಯುವ ತವಕ. ಅಂಥ ತವಕ ಹುಟ್ಟಿಸಿ ಕನ್ನಡಕ್ಕೆ ಓದುಗರನ್ನು ತಂದುಕೊಟ್ಟ ಆ ಲೇಖಕರ ಋಣ ನಮ್ಮೆಲ್ಲರ ಮೇಲಿದೆ.